ರಾತ್ರಿ ನೀರು ಬಂದರೆ ಎಚ್ಚರ ಆಗ್ತದಾ?

ಪುತ್ತೂರು

ಪುಟ್ಟೀ,

ನಿನ್ನ ಕಾಗದ ಸಿಕ್ಕಿತು. ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ದಿನಾ ಹೇಳುತ್ತಾಳೆ, ಅದಿರಲಿ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, "ಇವರಿಗೆ ರಾತ್ರಿ ಪಾಳಿ ಇದ್ದಾಗ ಮಂಚದಿಂದ ಕೈ ಇಳಿಬಿಟ್ಟು ನೆಲ ಮುಟ್ಟಿ ನೋಡ್ತೇನೆ ದೊಡ್ಡಮ್ಮ, ನೀರು ಬಂದರೆ ನನಗೆ ಎಚ್ಚರ ಆಗ್ತದಾ?" ಅಂತ. ಅದನ್ನು ಓದಿದಂದಿನಿಂದ ನನಗೂ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಎಚ್ಚರ ಆಗುವುದಿಲ್ಲ ಮಗಾ. ಸುಮ್ನೆ ಸಮಾಧಾನ ಹೇಳಿ ಏನು ಮಾಡಲಿ? ನೆರೆ ಅಂದರೆ ಭೋರ್ ಅಂತ ಬರುತ್ತದೆ ಅಂದುಕೊಳ್ಳುತ್ತೇವೆ. ನಡುಹೊಳೆಯಲ್ಲಿ ಹೌದು. ಮನೆಯೊಳಗೆ ಅದು ಬೆಕ್ಕಿನ ಹಾಗೆ ಬರುತ್ತದೆ, ಮೊದಲು ಬಚ್ಚಲಿನ ತೂತಿನಿಂದ.

1974ರ ಜುಲೈಯಲ್ಲಿ ನನಗೆ ಹತ್ತು ವರ್ಷ. ಪಾಣೆಮಂಗಳೂರಿನ ಹಳೇ ಮನೆ. ಅಜ್ಜ ಅಂಗಳದಲ್ಲಿ ಒಂದು ಕೋಲು ನೆಟ್ಟು ಸುಣ್ಣದಿಂದ ಗೆರೆ ಎಳೆದಿದ್ದರು. ಗೆರೆ ಮುಳುಗಿದರೆ ಹೊರಡುವುದು ಅಂತ ಲೆಕ್ಕ. ಕತ್ತಲಾದ ಮೇಲೆ ಗೆರೆ ನೋಡುವವರು ಯಾರು? ನಾವೆಲ್ಲ ಎತ್ತರದ ಚಾವಡಿಯಲ್ಲಿ ಮಲಗಿದ್ದೆವು. ಅಮ್ಮ ಯಾಕೋ ಎದ್ದು ಅಡುಗೆ ಕೋಣೆಗೆ ಕಾಲಿಟ್ಟರೆ, ಅಲ್ಲಿ ಸೌದೆ ತೇಲುತ್ತಿತ್ತು. ಮನೆ ತುಂಬ ಜನ, ಒಬ್ಬರಿಗೂ ಗೊತ್ತಾಗಿರಲಿಲ್ಲ.

ಹಟ್ಟಿಗೆ ಹೋಗಿ ಕರು ಬಿಚ್ಚಿ ಬಾ ಅಂತ ಅಜ್ಜ ನನಗೆ ಹೇಳಿದರು. ಹಗ್ಗ ನೆನೆದು ಗಂಟು ಕಲ್ಲಾಗಿತ್ತು. ನೀರು ಮೊಣಕಾಲು ದಾಟುತ್ತಿತ್ತು. ಹೆದರಿ ಓಡಿ ಬಂದು "ಬಿಚ್ಚಿದೆ" ಅಂದುಬಿಟ್ಟೆ. ಬೆಳಗಾಗುವಾಗ ಆ ಮಣ್ಣಿನ ಹಟ್ಟಿಯೇ ಇರಲಿಲ್ಲ. ಅಜ್ಜ ಮೂರು ದಿನ ಕಂಡಕಂಡ ತೋಟದಲ್ಲೆಲ್ಲ ಕರುವನ್ನು ಕರೆಯುತ್ತಾ ತಿರುಗಿದರು. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ನೀನೂ ಹೇಳಬೇಡ.

ಏನು ಹೇಳಲು ಹೊರಟಿದ್ದೆ? ಹಾಂ, ಎಚ್ಚರ. ಎಚ್ಚರ ಆಗುತ್ತದೆ ಅಂತ ನಂಬಿ ಮಲಗಬೇಡ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್ ಅಂತ ಫೋನಿನಲ್ಲಿ ಬರುತ್ತದಲ್ಲ, ಅದು ಬರುವವರೆಗೂ ಕಾಯಬೇಡ. ನಿಮ್ಮಲ್ಲಿ ಬಿಸಿಲಿದ್ದರೂ ಚಾರ್ಮಾಡಿಯಲ್ಲಿ ಸುರಿದರೆ ಹೊಳೆ ಏರುತ್ತದೆ. ಉಪ್ಪಿನಂಗಡಿಯ ಸುದ್ದಿ ಕೇಳುತ್ತಿರು. ಕುಮಾರಧಾರೆ, ನೇತ್ರಾವತಿ ಎರಡೂ ಏರಿ ಸಹಸ್ರಲಿಂಗೇಶ್ವರ ದೇವಸ್ಥಾನದ ಅಂಗಳದಲ್ಲಿ ಸೇರಿದರೆ ಜನ ಸಂಗಮ ಅಂತ ನೋಡಲು ಹೋಗುತ್ತಾರೆ, ಪೂಜೆ ಮಾಡುತ್ತಾರೆ. ಆ ನೀರೇ ಆಮೇಲೆ ನಿನ್ನ ಬಾಗಿಲಿಗೆ ಬರುವುದು. ಅಲ್ಲಿ ಜನ ಸೇರುತ್ತಿದ್ದಾರೆ ಅಂತ ಕೇಳಿದರೆ ನೀನು ಮಗುವನ್ನು ಎತ್ತಿಕೊಂಡು ಹೊರಡು, ಹಗಲಲ್ಲೇ. ನೀರು ಬರದಿದ್ದರೆ ಅತ್ತೆ ನಗಬಹುದು, ನಗಲಿ.

ಬುದ್ಧಿ ಹೇಳಲು ನಾನ್ಯಾರು, ಒಂದು ಗಂಟು ಬಿಚ್ಚದೆ ಬಂದವಳು. ಆದರೂ ಬರೆಯುತ್ತೇನೆ. ಮನೆಯ ಕಾಗದಪತ್ರ, ಮಗುವಿನ ಔಷಧಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕೈಗೆ ಸಿಗುವ ಹಾಗೆ ಇಡು. ಹೊರಡುವ ಮೊದಲು ಮೈನ್ ಸ್ವಿಚ್ ಆಫ್ ಮಾಡು, ಆದರೆ ಕಾಲಡಿ ನೀರಿದ್ದರೆ ಅದನ್ನು ಮುಟ್ಟಲೇಬೇಡ. ಗ್ಯಾಸ್ ಕೂಡ ಬಂದ್ ಮಾಡು. ಹಟ್ಟಿಯಲ್ಲಿ ಒಂದು ಕತ್ತಿ ಸಿಕ್ಕಿಸಿಡು, ಯಾಕೆ ಅಂತ ಹೇಳಬೇಕಾಗಿಲ್ಲ. ಸಹಾಯ ಬೇಕಾದರೆ 1077, ನಿನಗೆ ಗೊತ್ತಿರಬಹುದು. ನೀರು ಇಳಿದ ಮೇಲೆ ಕಾಲಲ್ಲಿ ಗಾಯ ಇದ್ದರೆ ಕೆಸರು ತೆಗೆಯಲು ಇಳಿಯಬೇಡ, ಇಲಿ ಜ್ವರ ಬರುವುದು ಹಾಗೇ. ಬಾವಿ ನೀರು ಕುದಿಸದೆ ಕುಡಿಯಬೇಡ. ಇನ್ನೂ ಏನೋ ಇತ್ತು, ಮರೆತೆ.

ನಿನ್ನ ಗಂಡನ ಪಾಳಿಯ ಪಟ್ಟಿ ಕಳಿಸು. ಆ ರಾತ್ರಿಗಳಲ್ಲಿ ಎರಡು ಗಂಟೆಗೆ ನಾನು ಫೋನ್ ಮಾಡುತ್ತೇನೆ, ಹೇಗೂ ಎದ್ದೇ ಇರುತ್ತೇನೆ. ಟಾರ್ಚ್ ಹಿಡಿದು ಹೋಗಿ ಬಚ್ಚಲು ನೋಡಿ ಹೇಳು. ಆಮೇಲೆ ಇಬ್ಬರೂ ಮಲಗೋಣ.

ನಿನ್ನ ದೊಡ್ಡಮ್ಮ