ಮಗಳಿಗೊಂದು ಪತ್ರ: ಅವ್ವನಲ್ಲೂ ಇಲ್ಲದ, ಅಪ್ಪನಲ್ಲೂ ಇಲ್ಲದ ಅಕ್ಷರ

ಕೊಪ್ಪಳ

ಮಗಳೇ,

ಮುಂದಿನ ವಾರದಿಂದ ನೀನು ಮಕ್ಕಳ ಓಪಿಡಿಯಲ್ಲಿ ಕೂಡುತ್ತೀ. ನಮ್ಮ ಕಡೆಯ ಮಂದಿ ಅಲ್ಲಿ ಒಂದು ಮಾತು ಕೇಳೇ ಕೇಳುತ್ತಾರೆ: "ನಮ್ಮ ಮನೆತನದಾಗ ಯಾರಿಗೂ ಈ ಜಡ್ಡು ಇಲ್ಲರೀ, ಈ ಕೂಸಿಗೆ ಹೆಂಗ ಬಂತು?" ಕೇಳುವಾಗ ಎಲ್ಲರ ಕಣ್ಣೂ ಬಾಣಂತಿಯ ಮೇಲಿರುತ್ತವೆ. ಗ್ರಹಣದ ದಿನ ಹೊರಗೆ ಬಂದಳು, ಪಪ್ಪಾಯಿ ತಿಂದಳು, ಆಕೆಯ ತವರಲ್ಲೇ ಏನೋ ದೋಷ ಇದ್ದೀತು. ಇದಕ್ಕೆ ಗಟ್ಟಿ ಉತ್ತರ ಇದೆ: ಅಪ್ಪ-ಅವ್ವ ಇಬ್ಬರಲ್ಲೂ ಇಲ್ಲದ ಬದಲಾವಣೆ ಕೂಸಿನ ಡಿಎನ್‌ಎಯಲ್ಲಿ ಹೊಸದಾಗಿ ಹುಟ್ಟಬಹುದು. ಅದನ್ನು ನೀನು ಸರಿಯಾಗಿ ಹೇಳಬೇಕೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗವಿಮಠದ ಗುಡ್ಡದ ಮೇಲಿನ ಅಶೋಕನ ಶಾಸನ ನೀನು ನೋಡಿದ್ದೇ. ಅದೇ ಒಕ್ಕಣೆ ಪಾಲ್ಕಿಗುಂಡಿನಲ್ಲೂ ಇದೆ, ಮಸ್ಕಿಯಲ್ಲೂ ಇದೆ. ಆದರೆ ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರಿದೆ, ಗವಿಮಠದ್ದರಲ್ಲಿಲ್ಲ. ಕೆಲವೇ ಸಾಲಿನ ಬರಹ ನಕಲಾಗುವಾಗಲೇ ಇಷ್ಟು ಹೆಚ್ಚುಕಡಿಮೆ. ಅಪ್ಪ-ಅವ್ವ ಸೇರಿ ಒಂದು ಕೂಸಿಗೆ ದಾಟಿಸುವುದು ಸುಮಾರು 600 ಕೋಟಿ ಅಕ್ಷರದ ಡಿಎನ್‌ಎ. ಅದರಲ್ಲಿ ಹೊಸದಾಗಿ ಬದಲಾಗುವ ಅಕ್ಷರಗಳು 60–70 ಮಾತ್ರ. ಇವು ಎಲ್ಲ ಮಕ್ಕಳಲ್ಲೂ ಇರುತ್ತವೆ, ನಿನ್ನಲ್ಲೂ ಇವೆ. ಪ್ರೋಟೀನು ಬರೆಯುವ ಭಾಗ ಡಿಎನ್‌ಎಯಲ್ಲಿ ನೂರಕ್ಕೆ ಒಂದೂವರೆಯಷ್ಟೇ ಆದ್ದರಿಂದ ಅಲ್ಲಿ ಬೀಳುವುದು ಸರಾಸರಿ ಒಂದು. ಉಳಿದವುಗಳಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಈ ಬದಲಾವಣೆಗಳಲ್ಲಿ ಐದಕ್ಕೆ ನಾಲ್ಕು ಬರುವುದು ಅಪ್ಪನ ಕಡೆಯಿಂದ. ಹೆಣ್ಣುಮಗಳ ಅಂಡಾಣುಗಳು ಆಕೆ ಹುಟ್ಟುವ ಮೊದಲೇ ತಮ್ಮ ಡಿಎನ್‌ಎ ನಕಲು ಮುಗಿಸಿರುತ್ತವೆ. ಗಂಡಸಿನಲ್ಲಿ ವೀರ್ಯಾಣು ಹುಟ್ಟಿಸುವ ಮೂಲಕೋಶಗಳು ಹರೆಯ ಬಂದ ಮೇಲೆ ವರ್ಷಕ್ಕೆ ಸುಮಾರು 23 ಸಲ ವಿಭಜನೆ ಆಗುತ್ತಲೇ ಇರುತ್ತವೆ. ಪ್ರತಿ ಸಲವೂ ಪೂರ್ತಿ ನಕಲು. ಐಸ್‌ಲ್ಯಾಂಡಿನ 1,548 ಅಪ್ಪ-ಅವ್ವ-ಮಗು ಕೂಟಗಳನ್ನು ಓದಿ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅಪ್ಪನ ವಯಸ್ಸು ಒಂದು ವರ್ಷ ಏರಿದರೆ ಒಂದೂವರೆ ಹೊಸ ಬದಲಾವಣೆ ಹೆಚ್ಚು, ಅವ್ವನದು ಏರಿದರೆ 0.4ಕ್ಕೂ ಕಡಿಮೆ. ಅಂಡಾಣುವಿನಲ್ಲಿ ಹೊಸ ನಕಲು ಆಗದೆಯೂ ಅಷ್ಟು ಏರುತ್ತದೆಂದರೆ ನಕಲಿನ ತಪ್ಪಷ್ಟೇ ಕಾರಣವಲ್ಲ, ಕೂತಲ್ಲೇ ಹಾಳಾಗಿ ರಿಪೇರಿ ಆಗದೆ ಉಳಿದವೂ ಇವೆ. ನಲವತ್ತು ದಾಟಿದ ಅಪ್ಪನನ್ನು ಇದರಿಂದ ಹೆದರಿಸಬೇಡ, ಒಟ್ಟು ಅಪಾಯ ಆಗಲೂ ಸಣ್ಣದೇ. ಡೌನ್ ಸಿಂಡ್ರೋಮ್ ಬೇರೆ ಲೆಕ್ಕ. ಅಲ್ಲಿ ಇಡೀ ಒಂದು ಕ್ರೋಮೋಸೋಮ್, ಅಂದರೆ ಡಿಎನ್‌ಎಯ ಒಂದು ಪೂರ್ತಿ ಎಳೆ, ಹೆಚ್ಚಾಗುತ್ತದೆ, ಅವ್ವನ ವಯಸ್ಸು ಮುಖ್ಯ. ಎರಡನ್ನೂ ಕಲೆಸಬೇಡ.

ನಿನ್ನ ಕಣ್ಣಿಗೆ ಬೇಗ ಬೀಳುವುದು ಅಕಾಂಡ್ರೋಪ್ಲೇಸಿಯಾ ಎಂಬ ಹುಟ್ಟುಗಿಡ್ಡತನ: ಗಿಡ್ಡ ತೊಡೆ-ತೋಳು, ಉಬ್ಬಿದ ಹಣೆ, ದೊಡ್ಡ ತಲೆ. ಎಫ್‌ಜಿಎಫ್‌ಆರ್3 ಎಂಬ ಜೀನಿನ 1138ನೇ ಅಕ್ಷರ 'ಜಿ' ಇದ್ದದ್ದು ಸಾಮಾನ್ಯವಾಗಿ 'ಎ' ಆಗಿರುತ್ತದೆ, ಅಷ್ಟೇ. ಇಂಥ ಮಕ್ಕಳಲ್ಲಿ ನೂರಕ್ಕೆ 80ರಷ್ಟು ಮಂದಿಯ ಅಪ್ಪ-ಅವ್ವ ಎಲ್ಲರಂತೆ ಎತ್ತರದವರು. ಹೊಸದಾಗಿ ಬಂದದ್ದಾದರೆ ಅದು ಹೆಚ್ಚುಕಡಿಮೆ ಯಾವಾಗಲೂ ಅಪ್ಪನಿಂದ ಬಂದ ಜೀನಿನ ಪ್ರತಿಯಲ್ಲೇ ಇರುತ್ತದೆ. ಕೊನೆಕೊನೆಗೆ ಹುಟ್ಟಿದ ಮಕ್ಕಳಲ್ಲಿ ಇದು ಹೆಚ್ಚೆಂದು ಜರ್ಮನಿಯ ವೈದ್ಯ ವೈನ್‌ಬರ್ಗ್ 1912ರಲ್ಲೇ ಗಮನಿಸಿದ್ದರು. ಒಂದೇ ಅಕ್ಷರಕ್ಕೆ ಇಷ್ಟು ಸಲ ಪೆಟ್ಟು ಏಕೆ? ಆ ಬದಲಾವಣೆ ಹೊತ್ತ ಮೂಲಕೋಶ ವೃಷಣದಲ್ಲಿ ಉಳಿದವನ್ನು ಹಿಂದಿಕ್ಕಿ ಬೆಳೆಯುತ್ತದೆ, ಹೊಲದಲ್ಲಿ ಕರಿಕೆ ಹಬ್ಬಿದ ಹಾಗೆ. ಅಂದರೆ ಬಸಿರಿಗೆ ಮೊದಲೇ ಆದದ್ದು. ಗ್ರಹಣ, ಪಪ್ಪಾಯಿ ಯಾವುದಕ್ಕೂ ಅಲ್ಲಿ ಜಾಗವಿಲ್ಲ.

ಅಕಾಂಡ್ರೋಪ್ಲೇಸಿಯಾ ಗುರುತಿಸಲು ಎಕ್ಸ್‌ರೇ ಮತ್ತು ಆ ಒಂದು ಜಾಗದ ಪರೀಕ್ಷೆ ಸಾಕು. ಫಿಟ್ಸ್ ನಿಲ್ಲದ, ಕಾರಣ ಗೊತ್ತಾಗದ ಕೂಸು ಬಂದಾಗ ಕೂಸು, ಅಪ್ಪ, ಅವ್ವ ಮೂವರ ಡಿಎನ್‌ಎ ಓದಿಸಿ ಹೋಲಿಸಬೇಕು, ಮೂವರ ರಕ್ತವೂ ಬೇಕು. ತಲಾ 2–3 ಮಿಲಿ, ನೇರಳೆ ಮುಚ್ಚಳದ ಈಡಿಟಿಎ ಟ್ಯೂಬು. ಮೆಲ್ಲಗೆ ಎಂಟು-ಹತ್ತು ಸಲ ತಲೆಕೆಳಗು ಮಾಡು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಹೆಸರು, ಸಂಬಂಧ ಮೊದಲೇ ಬರೆದಿಡದೆ, ರಕ್ತ ತೆಗೆದ ಜಾಗದಲ್ಲೇ, ಅವರ ಎದುರಿಗೇ ಬರೆ. ಮೂರೂ ಟ್ಯೂಬಿನ ಅಡ್ಡಹೆಸರು ಒಂದೇ ಇರುವುದರಿಂದ ಅದಲುಬದಲಾಗುವುದು ಇಲ್ಲೇ. ಕೂಸಿನ ಟ್ಯೂಬು ಹಾಗೆ ಬದಲಾದರೆ ಹೊಸ ಬದಲಾವಣೆ 70ರ ಬದಲು ಸಾವಿರಗಟ್ಟಲೆ ತೋರಿಸುತ್ತದೆ. ಅಪ್ಪ ಬೇರೆಯಾಗಿದ್ದರೂ ಹಾಗೇ ತೋರಿಸುತ್ತದೆ. ಇದು ಮನೆ ಒಡೆಯುವ ವಿಷಯ. ಪರೀಕ್ಷೆಯಲ್ಲಿ ಸಂಬಂಧವೂ ಗೊತ್ತಾಗಬಹುದೆಂದು ರಕ್ತ ತೆಗೆಯುವ ಮೊದಲೇ, ತಾಯಿಗೆ ಒಬ್ಬಳಿಗೇ ಒಮ್ಮೆ ಹೇಳು.

ರಿಪೋರ್ಟಿನಲ್ಲಿ 'ಡಿ ನೋವೋ' (ಹೊಸದಾಗಿ ಹುಟ್ಟಿದ್ದು) ಎಂದು ಕಂಡ ಕೂಡಲೇ ನಂಬಬೇಡ. ಕೂಸಿನಲ್ಲಿ ಆ ಜಾಗವನ್ನು 30 ಸಲ ಓದಿದ್ದರೆ ಹೊಸ ಅಕ್ಷರ 15ರ ಆಸುಪಾಸು ಬರಬೇಕು. ನಾಲ್ಕೈದೇ ಬಂದಿದ್ದರೆ ಓದಿನ ತಪ್ಪಿರಬೇಕು, ಇಲ್ಲವೇ ಕೂಸಿನ ಕೆಲವೇ ಕೋಶಗಳಲ್ಲಿ ಅದು ಇರಬೇಕು. ಅಪ್ಪ-ಅವ್ವನ ಓದು ಇನ್ನೂ ಮುಖ್ಯ. ಅಲ್ಲಿ ಆರೇ ಸಲ ಓದಿದ್ದರೆ ಇರುವ ಬದಲಾವಣೆಯೂ 64ಕ್ಕೆ ಒಂದು ಸಲ ಕಣ್ತಪ್ಪುತ್ತದೆ, ಹಳೆಯದು ಹೊಸದರಂತೆ ಕಾಣುತ್ತದೆ. ಆ ಒಂದೇ ಜಾಗವನ್ನು ಬೇರೆಯಾಗಿ ಓದುವ ಸ್ಯಾಂಗರ್ ವಿಧಾನದಿಂದ ಮೂವರಲ್ಲೂ ಮತ್ತೊಮ್ಮೆ ನೋಡಿಸು.

ವಂಶವೃಕ್ಷ ಬರೆಯುವಾಗ ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆಯೇ ಎಂದು ಕೇಳು, ನಮ್ಮಲ್ಲಿ ಇದು ಸಾಮಾನ್ಯ. ಇಬ್ಬರೂ ಒಂದೇ ಕೆಟ್ಟ ಪ್ರತಿ ಹೊತ್ತಿದ್ದರೆ ಪ್ರತಿ ಬಸಿರಿಗೂ ನಾಲ್ಕಕ್ಕೊಂದು ಅಪಾಯ. ಹೊಸ ಬದಲಾವಣೆ (ಮ್ಯುಟೇಶನ್) ಆದರೆ ಮುಂದಿನ ಕೂಸಿಗೆ ಸುಮಾರು ನೂರಕ್ಕೆ ಒಂದು. ಸೊನ್ನೆ ಅನ್ನಬೇಡ, ಏಕೆಂದರೆ ಅಪ್ಪನ ಅಥವಾ ಅವ್ವನ ಬೀಜಕೋಶಗಳಲ್ಲಿ ಒಂದಷ್ಟು ಪಾಲು ಅದನ್ನು ಹೊತ್ತಿರಬಹುದು, ರಕ್ತದಲ್ಲಿ ಕಾಣದಿರಬಹುದು. ರಕ್ತಸಂಬಂಧದ ಮನೆಯಲ್ಲೂ ಹೊಸದು ಹುಟ್ಟುತ್ತದೆ. ಮದುವೆ ಕೇಳಿ ತೀರ್ಮಾನ ಬರೆದುಬಿಡಬೇಡ.

ಅಕಾಂಡ್ರೋಪ್ಲೇಸಿಯಾ ಕೂಸಿನ ಮನೆಯವರಿಗೆ ಇದನ್ನೂ ಹೇಳು: ತಲೆಬುರುಡೆಯ ತಳದ ರಂಧ್ರ ಚಿಕ್ಕದಿರುತ್ತದೆ. ಎರೆಯುವ ಅಜ್ಜಿ ಕಾಲ ಮೇಲೆ ಮಲಗಿಸಿ ಕುತ್ತಿಗೆ ಹಿಂದಕ್ಕೆ ಜೋತುಬಿಡಬಾರದು, ಒಂದು ಕೈ ಸದಾ ತಲೆಯ ಕೆಳಗಿರಬೇಕು. ತಾನಾಗಿ ಕೂಡುವ ಮೊದಲು ದಿಂಬು ಒರಗಿಸಿ ಕೂಡಿಸಬಾರದು, ಬೆನ್ನು ಗೂನಾಗುತ್ತದೆ. ಮಲಗಿದಾಗ ಉಸಿರು ನಿಂತು ನಿಂತು ಬಂದರೆ ತಡಮಾಡದೆ ಬರಲಿ.

ಫಲಿತಾಂಶ ಹೇಳುವ ದಿನ ಸೊಸೆಯೊಬ್ಬಳನ್ನೇ ಕೂಡಿಸಿಕೊಳ್ಳಬೇಡ. ಗಂಡನನ್ನು, ಅತ್ತೆಯನ್ನೂ ಒಳಗೆ ಕರೆ. ಫಲಿತಾಂಶವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಸಹಿ ಹಾಕಿ, ಅದನ್ನು ಸೊಸೆಯ ಕೈಗೇ ಕೊಡು.

ನಿನ್ನ ಅವ್ವ