ವಾಲ್ವ್ ಅರ್ಧ ಮುಚ್ಚಿಯೇ ಓಡಿಸಬೇಕಾದ ಪಂಪಿನ ಬಗ್ಗೆ ದೂರು

ಗೆ,
ಮ್ಯಾನೇಜರ್, ಮಾರಾಟ ಮತ್ತು ಸರ್ವಿಸ್ ವಿಭಾಗ

ಮಾನ್ಯರೇ,

ಫೋನ್‌ನಲ್ಲಿ ಆರು ಸಲ ಹೇಳಿದ್ದಾಯಿತು. ಏಳನೆಯದನ್ನು ಕಾಗದದಲ್ಲಿ ಹೇಳುತ್ತಿದ್ದೇನೆ.

ತುಮಕೂರು ಅಂತರಸನಹಳ್ಳಿಯ ನಮ್ಮ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್ಡಿಗೆ ನಿಮ್ಮವರೇ ಬಂದು, ಟೇಪ್ ಹಿಡಿದು ಅಳೆದು, ಕೂಲಿಂಗ್ ನೀರಿಗೆ ಸೆಕೆಂಡಿಗೆ 10 ಲೀಟರ್, 24 ಮೀಟರ್ ಹೆಡ್ (ನೀರನ್ನು ಅಷ್ಟೆತ್ತರಕ್ಕೆ ತಳ್ಳುವ ಒತ್ತಡ) ಅಂತ ಆರ್ಡರ್ ಫಾರಂನಲ್ಲಿ ಬರೆದುಕೊಂಡರು. ಬಂದದ್ದು 50 ಮೀಟರ್ ಹೆಡ್ಡಿನ 15 ಎಚ್‌ಪಿ ಪಂಪು. 7.5 ಎಚ್‌ಪಿ ಸಾಕಿತ್ತು. ವಾಲ್ವ್ ಪೂರ್ತಿ ತೆಗೆದರೆ ಓವರ್‌ಲೋಡ್ ಆಗಿ ಟ್ರಿಪ್ ಆಗುತ್ತದೆ. ಅರ್ಧ ಮುಚ್ಚಿದರೆ 10 ಕಿಲೋವ್ಯಾಟ್ ಎಳೆಯುತ್ತದೆ. ಐದರಲ್ಲಿ ಮುಗಿಯುವ ಕೆಲಸ. ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ ಅಂದರೆ 1,300 ಯೂನಿಟ್ ಆ ವಾಲ್ವಿನ ಬಾಯಲ್ಲೇ ಗೊರಗೊರ ಅಂತ ಹೋಗುತ್ತಿದೆ. ಮೋಟರ್ ಮೇಲೆ ಐಇ3, ಅಂದರೆ ಹೆಚ್ಚು ದಕ್ಷತೆಯ ದರ್ಜೆ, ಅಂತ ಪ್ಲೇಟಿದೆ. ಮೋಟರ್ ಒಳ್ಳೆಯದೇ, ಬೇಡದ ಕೆಲಸವನ್ನು ಬಹಳ ದಕ್ಷತೆಯಿಂದ ಮಾಡುತ್ತಿದೆ.

ಕಳೆದ ಸೋಮವಾರ ಮೂರು ತಿಂಗಳ ಬಿಲ್ ಹಿಡಿದು ನಿಮ್ಮ ಕೌಂಟರಿಗೆ ಬಂದೆ. ಮುಕ್ಕಾಲು ಗಂಟೆ ನಿಲ್ಲಿಸಿದರು. ಪಕ್ಕದಲ್ಲಿದ್ದ ಇಬ್ಬರು ಡೀಲರ್‌ಗಳಿಗೆ ಟೀ ಬಂತು. ನನ್ನ ಮುಂದೆ ಟ್ರೇ ಹಾಗೇ ಹಾದುಹೋಯಿತು, ಹೋಗಲಿ ಬಿಡಿ. ನಿಮ್ಮ ಎಂಜಿನಿಯರ್ ಬಿಲ್ಲನ್ನು ಎರಡು ಬೆರಳಲ್ಲಿ ಎತ್ತಿ, ಹಿಂದೆ ಮುಂದೆ ತಿರುಗಿಸಿ, "ಮನೆಗೇನಾದ್ರೂ ಫ್ಯಾಕ್ಟರಿಯಿಂದಲೇ ವೈರ್ ಎಳ್ಕೊಂಡಿದೀರಾ?" ಅಂದರು. ಡೀಲರ್‌ಗಳು ನಕ್ಕರು. ಎಷ್ಟು ಹೆಡ್ಡಿಗೆ ಎಷ್ಟು ನೀರು ಬರುತ್ತದೆ ಅಂತ ಹೇಳುವ ಪಂಪಿನ ಕರ್ವ್ ತೋರಿಸಿ ಅಂದೆ. "ಅದೆಲ್ಲ ಟೆಕ್ನಿಕಲ್ ಸರ್, ನಿಮಗ್ಯಾಕೆ? ಸುಮ್ನೆ ವಾಲ್ವ್ ಇನ್ನೊಂಚೂರು ಮುಚ್ಚಿ. ರಾತ್ರಿ ಲೈಟು ಫ್ಯಾನು ಆಫ್ ಮಾಡಿ ಹೋಗಿ." ಇಪ್ಪತ್ತೆರಡು ವರ್ಷದಿಂದ ಫ್ಯಾಕ್ಟರಿ ನಡೆಸುತ್ತಿರುವವನಿಗೆ ಫ್ಯಾನ್ ಆಫ್ ಮಾಡುವ ಪಾಠ! ಆ ಹುಡುಗನ ತಲೆ ಮೇಲೆ ಎರಡು ಫ್ಯಾನ್, ಎದುರಿಗೆ ಖಾಲಿ ಕುರ್ಚಿಗಳಿಗೆ ಮೂರು.

ಈಗ ಮೋಟರಿನ ವೇಗ ಇಳಿಸುವ ಡ್ರೈವ್ ಹಾಕಿಸಿ ಅಂತ ಕೊಟೇಶನ್ ಕಳಿಸಿದ್ದೀರಿ. ವೇಗ ಶೇಕಡಾ 20 ಇಳಿಸಿದರೆ ಪವರ್ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ, ನನಗೂ ಗೊತ್ತು. ಆದರೆ ದೊಡ್ಡ ಸೈಜಿನ ಶೂ ಮಾರಿದವರೇ ಒಳಗೆ ತುರುಕೋಕೆ ಹತ್ತಿಯನ್ನೂ ಮಾರುವುದಾ?

ಫಾರಂನಲ್ಲಿ ಬರೆದ ನೀರು, ಹೆಡ್ಡಿನ ಲೆಕ್ಕಕ್ಕೆ ಹೊಂದದ ಪಂಪನ್ನು ಬದಲಿಸಿ ಕೊಡುವುದೇ ನ್ಯಾಯ ಅಲ್ವಾ? 15 ದಿನ ಕಾಯುತ್ತೇನೆ. ಆಮೇಲೆ ಪಂಪನ್ನು ಗೂಡ್ಸ್ ಆಟೋಗೆ ಹೇರಿ, ಮೇಲೆ ನನ್ನ ಬಿಲ್ ಅಂಟಿಸಿ, ಬಿ.ಎಚ್. ರಸ್ತೆಯ ನಿಮ್ಮ ಶೋರೂಮ್ ಬಾಗಿಲಿಗೇ ತಂದು ಇಳಿಸುತ್ತೇನೆ. ಷಟರ್ ಎತ್ತೋಕೆ ಜಾಗ ಬಿಡುತ್ತೇನೆ ಅಂತ ಮಾತು ಕೊಡಲಾರೆ.

ಇಂತಿ,
ನಿಮ್ಮ 15 ಎಚ್‌ಪಿ ಗ್ರಾಹಕ