ಸಂಜೆಯ ಗಂಟೆ ನಿಲ್ಲದಿರಲಿ

ಮಾನ್ಯರೇ,

ಪ್ರಾರ್ಥನೆಗೆಂದು ಇಗರ್ಜಿಯಲ್ಲಿ ಬಾರಿಸುವ ಸಂಜೆಯ ಗಂಟೆ ಬೇಡವೆನ್ನುವ ಮಾತು ನಮ್ಮೂರಲ್ಲಿ ಕೇಳಿಬರುತ್ತಿದೆ. ಬೇಸರವಾಗುತ್ತದೆ.

ಹೊತ್ತು ಗೊತ್ತುಮಾಡಿ ಪ್ರಾರ್ಥಿಸುವ ರೂಢಿ ಮೊದಲ ಕ್ರೈಸ್ತರಿಗೆ ಯೆಹೂದ್ಯರಿಂದ ಬಂತು. ‘ದಿನಕ್ಕೆ ಏಳು ಸಲ’ ಎಂಬ ಬೈಬಲಿನ ಕೀರ್ತನೆಯ ಮಾತು ಹಿಡಿದು 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠದ ದಿನವನ್ನೇ ಪ್ರಾರ್ಥನೆಯ ಸುತ್ತ ಜೋಡಿಸಿದರು. ರಾತ್ರಿಯದೂ ಸೇರಿ ಎಂಟು ಹೊತ್ತು. ಹೊಲದಲ್ಲಿ ದುಡಿಯುವವರಿಗೆ ಅದು ಆಗದ ಮಾತು. ಕೆಲಸದ ನಡುವೆ ನಿಂತು ಪ್ರಾರ್ಥಿಸಲು ಅವರಿಗೆ ಒದಗಿದ್ದು ಗಂಟೆ. ನಡುಹಗಲಿನ ಗಂಟೆಯಂತೂ 1456ರಲ್ಲಿ ತುರ್ಕರು ಬೆಲ್‌ಗ್ರೇಡ್ ನಗರಕ್ಕೆ ಮುತ್ತಿಗೆ ಹಾಕಿದ ಕಾಲದಲ್ಲಿ ಪೋಪ್ ಮೂರನೇ ಕ್ಯಾಲಿಕ್ಸ್ಟಸ್ ಬಾರಿಸಲು ಹೇಳಿದ್ದು.

ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆಯ ಈ ಗಂಟೆಯ ಪ್ರಾರ್ಥನೆಯೇ ‘ಆಮೊರಿ’. ಗಂಟೆ ಕೇಳಿದೊಡನೆ ನನ್ನಜ್ಜಿ ಬೀಡಿ ಎಲೆಯ ತಡ್ಪೆ ಬದಿಗಿಟ್ಟು, ಸೆರಗು ತಲೆಗೆಳೆದು ಎದ್ದು ನಿಲ್ಲುತ್ತಿದ್ದರು. ಅಂಗಳದಲ್ಲಿ ಆಡುತ್ತಿದ್ದ ನಾವೂ ನಿಲ್ಲುತ್ತಿದ್ದೆವು. ದಯವಿಟ್ಟು ಆ ಗಂಟೆ ಇರಲಿ.

– ಓದುಗ, ಮಂಗಳೂರು